ನಾಲ್ಕು ಕಣ್ಣಿನ ಗಾಡಿ

“ನಡುವಿನ ಪರದೆ ಮಾತ್ರ ತೆಗೀಬ್ಯಾಡ ಕಣಪ್ಪ,” ಎಂದಳು ಕರಿಯಮ್ಮ. “ಒಂದು ಗಾಡಿ ನೋಡು. ಈಚೆಗೆ ಬಾ. ಒಂದು ಚೆಂಬು ನೀರು ಕುಡಿ. ಆಮೇಲೆ ಓಗಿ ಇನ್ನೊಂದ ನೋಡು. ಎಲ್ಡನ್ನೂ ಒಟ್ಟಿಗೆ ನೋಡ್ಬ್ಯಾಡ. ನೋಡುದ್ರೂ, ಯಾವುದು ಮೇಲು ಯಾವುದು ಕೀಳು ಅಂತ ಅಲ್ಲಿ ನಿಂತು ಬಾಯಿ ಬುಡ್ಬ್ಯಾಡ.”

ಶಿವಮಲ್ಲು ನಕ್ಕುಬಿಟ್ಟ. ನಗುವುದಕ್ಕೆ ಕಾರಣವೂ ಇತ್ತು. ಇಪ್ಪತ್ತು ವರ್ಷದಿಂದ ಅವನು ಮಾಡಿಕೊಂಡು ಬಂದ ಕೆಲಸವೇ ಅದು. ಎರಡು ಹಳೆಯ ಕಾರುಗಳನ್ನು ಪಕ್ಕಪಕ್ಕ ನಿಲ್ಲಿಸಿ ಯಾವುದು ಮೇಲು ಎಂದು ಹೇಳುವುದು. ಚಾಮರಾಜನಗರದ ಗ್ಯಾರೇಜೊಂದರಲ್ಲಿ ಟಿಂಕರಿಂಗ್ ಕಲಿತವನು ಅವನು. ಸೊಟ್ಟಗಾದ ತಗಡುಗಳನ್ನು ತಟ್ಟಿ ತಟ್ಟಿ, ಕೊನೆಗೆ ಕೈಗಿಂತ ಕಣ್ಣಿಗೇ ಹೆಸರು ಬಂದಿತ್ತು. ಬಲಗಣ್ಣು ಮುಚ್ಚಿ, ಎಡಗಣ್ಣನ್ನು ಬಾನೆಟ್ಟಿನ ಅಂಚಿಗೆ ಸಮಕ್ಕೆ ತಂದು ಒಮ್ಮೆ ನೋಟ ಹಾಯಿಸಿದರೆ ಸಾಕು, ಅಪ್ಪನ ಕಾಲದಲ್ಲಿ ಬಿದ್ದ ಏಟು ಎಲ್ಲಿ, ಅದರ ಮೇಲೆ ಮೆತ್ತಿದ ಪುಟ್ಟಿ ಎಷ್ಟು ಎಂದು ಹೇಳಿಬಿಡುತ್ತಿದ್ದ. ಹಳೇ ಕಾರಿನ ಹುಚ್ಚು ಹಿಡಿದ ಮೈಸೂರಿನ ಶ್ರೀಮಂತರು ಅವನನ್ನು ಕೇಳದೆ ಚಕ್ರವನ್ನೂ ಕೊಳ್ಳುತ್ತಿರಲಿಲ್ಲ.

ಈ ಸಲ ಕಳಿಸಿದವರು ಅವರಲ್ಲೊಬ್ಬರಾದ ದಿಲೀಪ್. ಭೀಮನಬೀಡಿನ ಹೊರಗೆ ಒಂದು ಅರಿಸಿನದ ಗೋದಾಮಿನಲ್ಲಿ ಇಟಲಿಯ ಎರಡು ಕಾರುಗಳಿವೆ, ಅರವತ್ತರ ದಶಕದವು, ತಮ್ಮ ಶೆಡ್ಡಿನಲ್ಲಿ ಜಾಗವಿರುವುದು ಒಂದಕ್ಕೆ ಮಾತ್ರ ಎಂದು ಫೋನಿನಲ್ಲಿ ಹೇಳಿದ್ದರು. “ಎರಡೂ ಒಂದೇ ಫೋಟೋದಲ್ಲಿ ಬರಲಿ ರೀ. ಯಾವುದು ಅಂತ ನೀವೇ ಹೇಳ್ಬಿಡಿ, ನಾನು ಕಣ್ಣು ಮುಚ್ಚಿಕೊಂಡು ತಗೋತೀನಿ.” ಕಾರುಗಳ ಈಗಿನ ವಾರಸುದಾರ ಬಸವಪ್ರಸಾದ್, ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿಯವರು, ಗೋದಾಮಿನ ಹತ್ತಿರವೂ ಸುಳಿಯಲಿಲ್ಲ. ಬೀಗದ ಕೈ ಕಾವಲಿನ ಕರಿಯಮ್ಮನ ಹತ್ತಿರ ಇದೆ, ನೋಡಿಕೊಂಡು ಹೋಗಿ ಎಂದಷ್ಟೇ ಹೇಳಿ ಫೋನಿಟ್ಟಿದ್ದರು.

“ಯಾಕವ್ವಾ ಒಟ್ಟಿಗೆ ನೋಡಬಾರದು?” ಎಂದ ಶಿವಮಲ್ಲು. ಕೇಳಬೇಕೆಂದೇನಲ್ಲ, ಮುದುಕಿಯನ್ನು ರೇಗಿಸಲಿಕ್ಕೆ.

ಕರಿಯಮ್ಮ ಗೋದಾಮಿನ ಜಗುಲಿಯ ಮೇಲೆ ಕೂತಳು. ಎಡಗೈ ಸೆರಗಿನೊಳಗೇ ಇತ್ತು. ಬೀಗದ ಕೈಯನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೇ ಹೇಳಿದಳು.

“ಈ ಮನೆ ಯಜಮಾನ್ರು ಗುರುಸಿದ್ದಯ್ಯೋರು ನಮ್ಮ ಕಡೆ ಕರಿಕಲ್ಲ ಇಟಲಿಗೆ ಕಳುಸ್ತಿದ್ರು. ಅಲ್ಲಿಂದ ಈ ಎಲ್ಡು ಗಾಡಿ ತರುಸುದ್ರು, ಇಬ್ರು ಎಣ್ಮಕ್ಕಳಿಗೆ ಒಂದೊಂದು ಅಂತ. ದೊಡ್ಡೋರು ಪುಟ್ಟಬಸಮ್ಮೋರಿಗೆ ನಾಕು ಕಣ್ಣಿಂದು. ಚಿಕ್ಕೋರು ಸುಧಾಮಣಮ್ಮೋರಿಗೆ ತ್ರಿಸೂಲದ್ದು. ದೊಡ್ಡೋರ ನೋಡಕ್ಕೆ ಗಂಡಿನೋರು ಬಂದ್ರು. ಅಂಗಳದಲ್ಲಿ ಅಕ್ಕತಂಗೀರ ನಿಲ್ಲುಸುದ್ರು, ಗಾಡಿನೂ ನಿಲ್ಲುಸುದ್ರು. ‘ಗಾಡೀಲೂ ಚಿಕ್ಕದೇ ಚೆಂದ, ಎಣ್ಣಲ್ಲೂ ಚಿಕ್ಕದೇ ಚೆಂದ’ ಅಂದುಬುಟ್ರು. ದೊಡ್ಡೋರ ಮುಂದೇನೇ. ಮದ್ವೆ ಚಿಕ್ಕೋರಿಗೇ ಆಯ್ತು.”

“ಆಮೇಲೆ?”

“ದೊಡ್ಡೋರು ಅಳ್ನಿಲ್ಲ. ಪುಣಜನೂರ ಕಾಡಂಚಲ್ಲಿ ಒಬ್ಬ ಮಾಟಗಾರ ಇದ್ದ. ಅವನ ತಾವ ಓಗಿ ತಾಮ್ರದ ತಗಡು ಬರುಸ್ಕಂಡು ಬಂದು ತಮ್ಮ ಗಾಡಿ ಒಳಗೆ ಉದುಗ್ಸಿದ್ರು. ಮೂರು ತಿಂಗಳಿಗೆ ಚಿಕ್ಕೋರು ತೀರೋದ್ರು. ಅದೇ ವಾರ ದೊಡ್ಡೋರು ನಾಕು ಕಣ್ಣಿನ ಗಾಡೀಲೇ ಕುಂತು ಪ್ರಾಣ ಬುಟ್ರು. ಅವತ್ತೇ ಅದರ ಎಡಗಡೆ ಒಂದು ಲೈಟು ತಾನಾಗಿ ಉದುರೋಯ್ತು. ‘ನಮ್ಮ ಜೋಡಿ ತೂಗುದೋರು ತಮ್ಮ ಜೋಡೀನೂ ತೂಗ್ಲಿ.’ ಅದೇ ಕಣಪ್ಪ ತಗಡಲ್ಲಿ ಬರುಸಿರಾದು.”

ಶಿವಮಲ್ಲು ಕಾಲನ್ನು ಮುಂದೆ ಚಾಚಿ ತೋರಿಸಿದ. “ಹಂಗಾದ್ರೆ ನಾನು ಇವನ್ನ ತೂಗ್ತೀನಿ ಬುಡವ್ವ. ಎರಡೂ ಚಪ್ಪಲಿ ಸವೆದಿವೆ, ಯಾವುದು ಕೇಳುದ್ರೂ ಕೊಡ್ತೀನಿ. ನಾನು ಟಿಂಕರು. ಡೆಂಟ್ ತೆಗೆಯೋದು ನನ್ನ ಕೆಲಸ, ದೆವ್ವ ಬುಡಿಸೋದಲ್ಲ.”

ಮುದುಕಿ ನಗಲಿಲ್ಲ. “ಮಕ್ಕಳೆಷ್ಟಪ್ಪ ನಿಂಗೆ?”

“ಇಬ್ರು. ಎರಡೂ ಹೆಣ್ಣು.”

ಕರಿಯಮ್ಮ ಅವನ ಮುಖವನ್ನು ನೋಡುತ್ತಲೇ ಬೀಗದ ಕೈ ಕೊಟ್ಟಳು.

ಕಬ್ಬಿಣದ ಬಾಗಿಲು ಕಿರುಗುಟ್ಟುತ್ತ ತೆರೆಯಿತು. ಹೊರಗೆ ಮಧ್ಯಾಹ್ನ ಮೂರರ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಒಳಗೆ ಕಿಟಕಿಯೆಂಬುದೇ ಇರಲಿಲ್ಲ. ಒಣ ಅರಿಸಿನದ ಘಾಟು, ಕೆಟ್ಟ ಪೆಟ್ರೋಲಿನ ಹುಳಿ ವಾಸನೆ, ಇಲಿಗಳು ಕಡಿದ ಚರ್ಮದ ಸೀಟಿನ ಮುಗ್ಗುಲು ಎಲ್ಲ ಕೂಡಿ ಗಂಟಲಿಗೆ ಹೊಡೆದವು. ಟಾರ್ಚು ಬಿಟ್ಟ. ಗೋದಾಮನ್ನು ಸರಿಯಾಗಿ ಎರಡು ಪಾಲು ಮಾಡಿ ತೊಲೆಯಿಂದ ನೆಲದವರೆಗೆ ಬಿಳಿಯ ಬಟ್ಟೆಯೊಂದು ಇಳಿದಿತ್ತು. ಮದುವೆಯಲ್ಲಿ ಗಂಡುಹೆಣ್ಣಿನ ನಡುವೆ ಹಿಡಿಯುತ್ತಾರಲ್ಲ, ಅಂಥದ್ದು. ವರ್ಷಾನುಗಟ್ಟಲೆ ಅರಿಸಿನದ ಧೂಳು ಕುಡಿದು ಹಳದಿಯಾಗಿತ್ತು.

ಮೊದಲು ಬಲಕ್ಕೆ ಹೋದ. ತ್ರಿಶೂಲದ ಗಾಡಿ. ಮಸೆರಾಟಿ 3500 ಜಿಟಿ. ಮುಂಭಾಗದ ಜಾಲರಿಯ ನಡುವೆ ಆ ಕಂಪನಿಯ ತ್ರಿಶೂಲದ ಗುರುತಿತ್ತು, ಅದಕ್ಕೆ ಮನೆಯವರು ಯಾವತ್ತೋ ವಿಭೂತಿ ಬಳಿದಿದ್ದರು. ಎಲ್ಲಿಯ ಇಟಲಿ, ಎಲ್ಲಿಯ ಶಿವ ಎಂದು ಶಿವಮಲ್ಲುವಿಗೆ ನಗು ಬಂತು. ಬಾನೆಟ್ ಎತ್ತಿದ. ಉದ್ದಕ್ಕೆ ಸಾಲಾಗಿ ಆರು ಸಿಲಿಂಡರು, ಒಂದೊಂದಕ್ಕೆ ಎರಡೆರಡು ಪ್ಲಗ್ಗು. ರೇಸಿನ ಮೈದಾನದಿಂದ ಇಳಿದು ಬಂದ ವಂಶ ಅದು. ಬಲಗಣ್ಣು ಮುಚ್ಚಿ ಮೈಯುದ್ದಕ್ಕೂ ನೋಟ ಹಾಯಿಸಿದ. ಹಿಂದಿನ ಮಡ್‌ಗಾರ್ಡಿನಲ್ಲಿ ಹಳೆಯ ಏಟೊಂದಿತ್ತು, ತೆಳುವಾಗಿ ಪುಟ್ಟಿ ಹಾಕಿದ್ದರು. ಆದರೇನು, ಅದು ನಿಂತ ಠೀವಿಗೆ ಯಾರಾದರೂ ತಿರುಗಿ ನೋಡಬೇಕು.

ಹೊರಗೆ ಬಂದು ನೀರು ಕುಡಿಯಲಿಲ್ಲ. ಪರದೆಯ ಅಂಚನ್ನು ಸರಿಸಿ ನೇರ ಎಡಕ್ಕೆ ದಾಟಿದ.

ನಾಲ್ಕು ಕಣ್ಣಿನದು ಲಾನ್ಸಿಯಾ ಫ್ಲಾಮಿನಿಯಾ ಜಿಟಿ. ಒಂದೊಂದು ಕಡೆ ಎರಡೆರಡು ಲೈಟು, ಎಡಗಡೆಯ ಒಳಗಿನದು ಮಾತ್ರ ಇಲ್ಲ. ಅದರ ಜಾಗದಲ್ಲಿ ಕಪ್ಪು ಗೂಡು. ಎರಡು ಗಾಡಿಗೂ ಮೈ ಹೊದಿಸಿದ್ದು ಮಿಲಾನಿನ ಒಂದೇ ಕಾರ್ಖಾನೆ, ಸಣ್ಣ ಕೊಳವೆಗಳ ಹಂದರದ ಮೇಲೆ ತೆಳು ಅಲ್ಯೂಮಿನಿಯಂ ತಗಡು. ಹಾಗೆ ನೋಡಿದರೆ ಇವೂ ಅಕ್ಕತಂಗಿಯರೇ. ಇದರ ಎಂಜಿನ್ನು ಚಿಕ್ಕದು, ಆದರೆ ಗೇರ್‌ಬಾಕ್ಸನ್ನು ಹಿಂದಿನ ಚಕ್ರದ ಹತ್ತಿರ ಕೂರಿಸಿ ಭಾರವನ್ನು ಹಂಚಿದ ಜಾಣತನಕ್ಕೆ ಬಲ್ಲವರು ತಲೆದೂಗುತ್ತಾರೆ. ಮೈಗೆ ಎಲ್ಲೂ ಏಟು ಬಿದ್ದಿರಲಿಲ್ಲ. ಬಾಗಿಲಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಅಳತೆ. ಟಿಂಕರನ ಮನಸ್ಸಿಗೆ ಹಿಡಿಸಿದ್ದು ಇದೇ. ಆದರೆ ಶೆಡ್ಡಿನಲ್ಲಿ ನಿಲ್ಲಿಸಿ ನಾಲ್ಕು ಜನರನ್ನು ಕರೆದು ತೋರಿಸುವವರಿಗೆ ಬೇಕಾದದ್ದು ತ್ರಿಶೂಲ, ಅದು ಅವನಿಗೆ ಗೊತ್ತಿತ್ತು.

ಫೋಟೋ ತೆಗೆಯಲು ಮೊಬೈಲ್ ಹಿಡಿದ. ಪರದೆ ಅಡ್ಡ ಬಂತು. ಎರಡೂ ಒಂದರಲ್ಲೇ ಬರಲಿ ಎಂದಿದ್ದರು ದಿಲೀಪ್. ಬಟ್ಟೆಯನ್ನು ಹಿಡಿದು ಒಮ್ಮೆ ಜಗ್ಗಿದ. ಹಳೆಯ ನೂಲು ಪರ್ ಎಂದು ಹರಿದು, ಇಡೀ ಪರದೆ ಅವನ ತಲೆಯ ಮೇಲೆ ಕುಸಿಯಿತು. ಹಳದಿ ಧೂಳು ಎದ್ದಿತು. ಕೆಮ್ಮುತ್ತ ಬಟ್ಟೆಯಿಂದ ಹೊರಗೆ ಬಂದ. ಬಾಗಿಲಿನ ಬೆಳಕು ಎರಡೂ ಗಾಡಿಗಳ ಮುಖಕ್ಕೆ ಸಮನಾಗಿ ಬಿದ್ದಿತ್ತು. ನಲವತ್ತು ವರ್ಷದ ಮೇಲೆ ಅವು ಒಂದನ್ನೊಂದು ನೋಡುತ್ತಿದ್ದವು.

ಫೋಟೋ ತೆಗೆದ. ಮಸೆರಾಟಿಯ ಬಾನೆಟ್ ಮೇಲೆ ಅಂಗೈ ತಟ್ಟಿದ. ತೀರ್ಮಾನವಾದಾಗ ಹಾಗೆ ತಟ್ಟುವುದು ಅವನ ವಾಡಿಕೆ. ಇನ್ನೊಂದು ಕೈಯಲ್ಲಿ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ದಿಲೀಪರಿಗೆ ಮಾತು ರೆಕಾರ್ಡು ಮಾಡಿ ಕಳಿಸಿದ.

“ಸರ್, ಇದೇ. ತ್ರಿಶೂಲದ್ದು. ನಾಲ್ಕು ಕಣ್ಣಿಂದು ಕೆಲಸದಲ್ಲೇನೋ ಅಚ್ಚುಕಟ್ಟು. ಆದರೆ ಪಕ್ಕದಲ್ಲಿ ಇದು ನಿಂತಿದ್ರೆ ಅದರ ಮುಖ ಯಾರು ನೋಡ್ತಾರೆ?”

ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೊದಲು ನಿಂತದ್ದು ಇಲಿಗಳ ಸದ್ದು. ಅಷ್ಟು ಹೊತ್ತು ಮೂಲೆಯಲ್ಲಿ ಪರಚುತ್ತಿದ್ದವು, ತಟ್ಟನೆ ಸುಮ್ಮನಾದವು. ಆಮೇಲೆ ವಾಸನೆ ಬದಲಾಯಿತು. ಅರಿಸಿನದ ಘಾಟಿನೊಳಗಿಂದ ಮಲ್ಲಿಗೆ, ಬಾಡಿದ ಮಲ್ಲಿಗೆ, ಒದ್ದೆ ಕೂದಲಿನ ಜೊತೆ ಬರುವ ವಾಸನೆ. ಲಾನ್ಸಿಯಾದ ಸ್ಪ್ರಿಂಗು ಕಿರ್ರೆಂದಿತು. ಗಾಡಿ ಒಂದು ಬದಿಗೆ ವಾಲಿ ಮತ್ತೆ ನೆಟ್ಟಗಾಯಿತು. ಒಳಗೆ ಕೂತವರು ಮೈ ಹೊರಳಿಸಿದರೆ ವಾಲುತ್ತದಲ್ಲ, ಹಾಗೆ. ಶಿವಮಲ್ಲು ಟಾರ್ಚು ಬಿಟ್ಟ. ಸ್ಟೇರಿಂಗಿನ ಬದಿಯ ಗಾಜಿನ ಮೇಲೆ ದಪ್ಪಗೆ ಧೂಳು. ಆ ಧೂಳಿನಲ್ಲಿ ನಾಲ್ಕು ಬೆರಳಿನಗಲದ ಜಾಗ ಮೆಲ್ಲಗೆ ಸ್ವಚ್ಛವಾಗುತ್ತಿತ್ತು. ಒಳಗಿಂದ. ಬಳೆಯ ಸದ್ದು ಕೇಳಿಸಿತು.

ಅವನು ಓಡಲಿಲ್ಲ. ಓಡಿದರೆ ಮುದುಕಿಯ ಮಾತು ನಿಜವಾದಂತೆ ಎಂದು ಬಿರಬಿರನೆ ನಡೆದುಕೊಂಡು ಹೊರಗೆ ಬಂದ. ಬೆನ್ನು ಪೂರ್ತಿ ಬೆವತಿತ್ತು. ಬಾಗಿಲ ಸಂದಿಯಿಂದ ಕುಸಿದ ಪರದೆ ಕಂಡ ಕರಿಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. “ಬುಟ್ಟುಬುಟ್ಟಾ? ಬಾಯಿ ಬುಟ್ಟುಬುಟ್ಟಾ ಮಗಾ?” ಎಂದು ಕೇಳಿದಳು. ಅವನು ಬೀಗದ ಕೈಯನ್ನು ಜಗುಲಿಯ ಮೇಲಿಟ್ಟು ಬೈಕ್ ಹತ್ತಿದ.

ಗುಂಡ್ಲುಪೇಟೆ ದಾಟುವಾಗ ದಿಲೀಪ್ ಫೋನ್ ಮಾಡಿದರು. ಬೈಕನ್ನು ತರಕಾರಿ ಲಾರಿಗಳ ಪಕ್ಕ ನಿಲ್ಲಿಸಿ ಎತ್ತಿಕೊಂಡ.

“ನೀವು ಕಳಿಸಿದ್ದು ಕೇಳಿದೆ. ಅಂದ ಹಾಗೆ, ಕೊನೆಯಲ್ಲಿ ಮಾತಾಡಿದ ಹೆಂಗಸು ಯಾರ್ರೀ?”

“ಯಾವ ಹೆಂಗಸು ಸರ್?”

“ನಿಮ್ಮ ಮಾತು ಮುಗಿದ ಮೇಲೆ, ಫೋನು ಬಾಯಿ ಹತ್ತಿರವೇ ಇಟ್ಟುಕೊಂಡು ಕೇಳಿದ್ರಲ್ಲ? ‘ನಿಂದ್ರಲ್ಲಿ ಯಾವುದು?’ ಅಂತ.”

ಲಾರಿಯವನೊಬ್ಬ ಮಲಯಾಳದಲ್ಲಿ ಬೈಯುತ್ತ ಹಾರನ್ ಹೊಡೆದ. ಶಿವಮಲ್ಲುವಿಗೆ ಅದು ಎಲ್ಲೋ ದೂರದಲ್ಲಿ ಕೇಳಿಸಿದಂತಾಯಿತು. ಏನೋ ಹೇಳಿ ಫೋನಿಟ್ಟ. ನಿಂದ್ರಲ್ಲಿ ಯಾವುದು. ತನ್ನದು ಎಂದರೆ ಏನು ಎಂದು ಅವನು ಕೇಳಿಕೊಳ್ಳಬೇಕಾಗಿರಲಿಲ್ಲ. ದೊಡ್ಡವಳು ಪ್ರಿಯಾಂಕ, ಹನ್ನೊಂದು ವರ್ಷ. ಚಿಕ್ಕವಳು ಮಧುಶ್ರೀ, ಎಂಟು. ಅಪ್ಪನಿಗೆ ಯಾರು ಇಷ್ಟ ಎಂದು ದಿನಕ್ಕೊಂದು ಸಲ ಜಗಳ ಆಡುತ್ತಿದ್ದವು. ನೀವಿಬ್ಬರೂ ನನ್ನ ಎರಡು ಕಣ್ಣು ಕಣ್ರಮ್ಮಿ ಎಂದು ಪ್ರತಿ ಸಲವೂ ಜಾರಿಕೊಳ್ಳುತ್ತಿದ್ದ.

ತೆರಕಣಾಂಬಿಯ ಹತ್ತಿರ ಬರುವಷ್ಟರಲ್ಲಿ ಹೆಂಡತಿ ಭವ್ಯಳ ಫೋನು.

“ಎಲ್ಲಿದೀರಾ? ಬೇಗ ಬನ್ನಿ. ಆಸ್ಪತ್ರೇಲಿದೀವಿ. ಇಬ್ರೂ ಸ್ಕೂಲಲ್ಲಿ ಒಂದೇ ಸಲ ಬಿದ್ದೋದ್ರಂತೆ. ಬೇರೆ ಬೇರೆ ಕ್ಲಾಸಲ್ಲಿ. ಒಂದೇ ಸಲ.”

“ಎಷ್ಟೊತ್ತಿಗೆ?”

“ಮೂರೂವರೆ ಇರಬೇಕು. ಯಾಕೆ? ರೀ, ಉಸಿರು... ಒಬ್ಬಳು ಉಸಿರು ಎಳ್ಕೊಂಡ್ರೆ ಇನ್ನೊಬ್ಬಳದು ನಿಂತೋಯ್ತದೆ. ಅವಳು ಬುಟ್ಟಾಗ ಇವಳು ಎಳ್ಕೊಂತಾಳೆ. ಇಬ್ಬರಿಗೂ ಸೇರಿ ಒಂದೇ ಉಸಿರು ಇದ್ದಂಗೆ. ಡಾಕ್ಟ್ರು ಏನೂ ಹೇಳ್ತಿಲ್ಲ.” ಭವ್ಯ ಬಿಕ್ಕಿದಳು. “ಕಣ್ಣು ಮುಚ್ಕೊಂಡೇ ಇಬ್ರೂ ಒಂದೇ ಮಾತು ಹೇಳ್ತಾವ್ರೆ. ‘ಯಾವುದು, ಯಾವುದು’ ಅಂತ. ಅದು ಮಕ್ಕಳ ಗಂಟಲಲ್ಲ ಕಣ್ರೀ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಆಡಿದವನು ಹೋಗಿ ಆರಿಸಿಕೊಳ್ಳಬೇಕಾದ ಜಾಗ ಯಾವುದೆಂದು ಅವನಿಗೆ ಗೊತ್ತಿತ್ತು. ಮುಂದೆ ಹದಿನೈದೇ ಮೈಲಿಗೆ, ಚಾಮರಾಜನಗರದ ಆಸ್ಪತ್ರೆಯಲ್ಲಿ, ಮಕ್ಕಳಿದ್ದರು. ಶಿವಮಲ್ಲು ಬೈಕ್ ತಿರುಗಿಸಿ ಮಕ್ಕಳಿಗೆ ಬೆನ್ನು ಹಾಕಿದ. ದಾರಿಯುದ್ದಕ್ಕೂ ಅಳುತ್ತಿದ್ದ. ಅವನಿಗೇ ಅದು ತಿಳಿಯಲಿಲ್ಲ.

ಕರಿಯಮ್ಮ ಹೊಲದ ಅಂಚಿಗೇ ಬಂದು ಕಾಯುತ್ತಿದ್ದಳು. ಸೂರ್ಯ ಬೆಟ್ಟದ ಸಾಲಿನ ಮೇಲೆ ಒಂದು ಮಾರು ಎತ್ತರದಲ್ಲಿದ್ದ.

“ಅವ್ವಾ, ನಂಗೆ ಬುದ್ಧಿ ಇಲ್ಲ. ಏನಾದ್ರೂ ಮಾಡವ್ವಾ. ಪರದೆ ನಾನೇ ಕಟ್ತೀನಿ. ತಗಡು ಕಿತ್ತಾಕ್ತೀನಿ.” ಅವನು ಮುದುಕಿಯ ಕಾಲಿಗೆ ಬಿದ್ದ.

“ಮಾತು ಬಿದ್ದೋಗದೆ ಮಗಾ. ಇನ್ನೇನು ಕಿತ್ರೂ ಬರಲ್ಲ. ಒಳಕ್ಕೋಗಿ ನೀನು ಒಂದ ಯೋಳಲೇಬೇಕು. ಒತ್ತು ಮುಳುಗೋ ಗಂಟ ಬಾಯಿ ಬುಡದಿದ್ರೆ ಎಲ್ಡೂ ಓಯ್ತವೆ.”

“ಯಾವುದು ಅಂತ ಹೇಳ್ಲಿ ಅವ್ವಾ? ಹೆತ್ತ ಮಕ್ಕಳಲ್ಲಿ ಯಾವುದು ಅಂತ ಹೇಳ್ಲಿ?”

ಕರಿಯಮ್ಮ ಸೆರಗನ್ನು ಸರಿಸಿ ಎಡಗೈಯನ್ನು ಹೊರಗೆ ತೆಗೆದಳು. ಮೊಣಕೈಯಿಂದ ಕೆಳಗೆ ಅದು ಒಣಗಿದ ಅರಿಸಿನದ ಕೊಂಬಿನಂತೆ ಸುರುಟಿಕೊಂಡಿತ್ತು. ಬೆರಳುಗಳು ಒಂದರೊಳಗೊಂದು ಅಂಟಿಹೋಗಿದ್ದವು.

“ನಾನೂ ಒಂದ್ಸಲ ಬಾಯಿ ಬುಟ್ಟಿದ್ದೆ. ಕಸ ಗುಡುಸ್ತಾ, ಚಿಕ್ಕೋರ ಗಾಡಿನೇ ಚೆಂದ ಅಂತ. ನಂಗೆ ಇಬ್ರು ಗಂಡುಮಕ್ಕಳು.” ಕೈಯನ್ನು ಮತ್ತೆ ಸೆರಗಿನೊಳಗೆ ಸೇರಿಸಿದಳು. “ಇಬ್ರೂ ಅವ್ರೆ. ಗುಂಡ್ಲುಪೇಟೇಲಿ. ಅದಕ್ಕೆ ಯಾವ್ದಾರ ಒಂದು ಜೋಡೀಲಿ ಒಂದು ಬೇಕು ಕಣಪ್ಪ, ಅಷ್ಟೆಯ. ಆದ್ರೆ ಬೇಡದ್ದು ಕೊಟ್ರೆ ಈಸ್ಕಳಲ್ಲ, ನಿಂಗೆ ಬೇಕಾದ್ದೇ ಆಗ್ಬೇಕು.”

ಅವನು ಒಳಗೆ ಹೋದ.

ಬಾಗಿಲು ಹಿಂದಿನಿಂದ ತಾನಾಗಿ ಮುಚ್ಚಿಕೊಂಡಿತು. ಕತ್ತಲು. ಟಾರ್ಚು ಹತ್ತಲಿಲ್ಲ. ಮಲ್ಲಿಗೆಯ ವಾಸನೆ ಈಗ ಮೂಗಿಗಲ್ಲ, ಬಾಯೊಳಗೇ ಇತ್ತು. ಕುಸಿದ ಪರದೆ ಕಾಲಿಗೆ ತೊಡರಿಕೊಂಡಿತು. ಬಿಡಿಸಿಕೊಂಡು ಎರಡು ಗಾಡಿಗಳ ನಡುವೆ ನಿಂತ. ಎಡಕ್ಕೆ ಒಂದು ಲೈಟು ಹಳದಿಯಾಗಿ ಕಣ್ಣು ಬಿಟ್ಟಿತು. ಬ್ಯಾಟರಿಯೇ ಇಲ್ಲದ ಗಾಡಿ. ಎರಡನೆಯದು ಬಿಟ್ಟಿತು. ಮೂರನೆಯದು. ನಾಲ್ಕನೆಯ ಗೂಡು ಕಪ್ಪಗೇ ಇತ್ತು.

ಆ ಬೆಳಕಿನಲ್ಲಿ ಗಾಜಿನ ಹಿಂದೆ ಒಬ್ಬಳು ಕೂತಿದ್ದಳು. ಮದುವಣಗಿತ್ತಿಯ ಅರಿಸಿನ ಮುಖದ ತುಂಬ. ಮುಖ ಇತ್ತ ತಿರುಗಿರಲಿಲ್ಲ.

“ಯಾವುದು?”

ಕಿವಿಯ ಹತ್ತಿರ. ಮಾತಿನ ಉಸಿರು ತಣ್ಣಗಿತ್ತು.

ಶಿವಮಲ್ಲು ತುಟಿ ಬಿಗಿಹಿಡಿದ. ಯೋಚಿಸಬಾರದು ಎಂದುಕೊಂಡ. ಆದರೆ ಇಪ್ಪತ್ತು ವರ್ಷ ತೂಗಿ ತೂಗಿ ಪಳಗಿದ ಮನಸ್ಸು ಅದು. ಹೇಳಿದರೂ ಕೇಳಲಿಲ್ಲ. ಪ್ರಿಯಾಂಕ, ಮಧುಶ್ರೀ. ಒಬ್ಬಳ ನಗು, ಒಬ್ಬಳ ಹಟ. ಒಬ್ಬಳು ಬೈಕಿನ ಸದ್ದು ಕೇಳಿ ಓಡಿ ಬರುವುದು, ಒಬ್ಬಳು ಬಾಗಿಲ ಹಿಂದೆ ಅಡಗುವುದು. ಅಕ್ಕಪಕ್ಕ ನಿಲ್ಲಿಸಿತು. ಒಂದು ಕಣ್ಣು ಮುಚ್ಚಿ ನೋಡಿತು. ತೂಗಿಯೇಬಿಟ್ಟಿತು. ತಕ್ಕಡಿ ಒಂದು ಕಡೆಗೆ ವಾಲಿತು.

ವಾಲಿದ್ದು ಅವನಿಗೆ ಗೊತ್ತಾಯಿತು. ಯಾರ ಕಡೆಗೆ ಎಂಬುದೂ ಗೊತ್ತಾಯಿತು. ಕತ್ತಲಿಗಿಂತ, ಗಾಜಿನ ಹಿಂದಿನವಳಿಗಿಂತ, ಆ ಕ್ಷಣ ಅವನಿಗೆ ತನ್ನ ಮೇಲೇ ಹೆಚ್ಚು ಹೆದರಿಕೆಯಾಯಿತು. ನಾನು ಎಂಥ ಅಪ್ಪ ಎಂದು ಜೋರಾಗಿ ಅತ್ತ.

“ಯಾವುದು?”

ಗಾಡಿಯ ಬಾಗಿಲು ತೆರೆದ ಸದ್ದು. ಬಳೆ. ಹೆಜ್ಜೆ. ಇನ್ನೊಂದು ಹೆಜ್ಜೆ. ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಭವ್ಯ. ತೆಗೆಯಲಿಲ್ಲ. ಬಾಗಿಲ ಸಂದಿಯ ಬೆಳಕು ಕೆಂಪಾಯಿತು. ಸಣ್ಣಗಾಯಿತು. ನೂಲಾಯಿತು. ಬಾಯಿ ತೆರೆದರೆ ಹೆಸರು ಬೀಳುತ್ತದೆ. ನಾಲಿಗೆಯ ತುದಿಗೆ ಒಂದು ಹೆಸರು ಬಂದು ಕೂತಿತ್ತು. ಕೈ? ಒಂದು ಕೈಯಲ್ಲಿ ಸುತ್ತಿಗೆ ಹಿಡಿಯಬಹುದು. ಕಾಲು? ಕಿವಿ? ಬೇಡದ್ದು ಕೊಟ್ಟರೆ ಈಸ್ಕಳಲ್ಲ. ನಿಂಗೆ ಬೇಕಾದ್ದೇ. ಹೆಸರು ತಂದದ್ದು, ಅನ್ನ ತಂದದ್ದು. ಮೂರು ಲೈಟುಗಳು ಅವನ ಮುಖವನ್ನೇ ನೋಡುತ್ತಿದ್ದವು. ನಾಲ್ಕನೆಯ ಗೂಡೂ ನೋಡುತ್ತಿತ್ತು.

“ಯಾವು...”

“ಎಡಗಣ್ಣು!” ಎಂದು ಕಿರುಚಿದ. “ನನ್ನ ಎರಡು ಕಣ್ಣಲ್ಲಿ ಎಡಗಣ್ಣು! ತಗೋ! ಮಕ್ಕಳ್ನ ಬುಡವ್ವಾ! ಎಡಗಣ್ಣು ತಗೋ!”

ಸದ್ದು ನಿಂತಿತು. ಮೂಗಿನ ಪಕ್ಕದಲ್ಲಿ, ಹುಬ್ಬಿನ ಕೆಳಗೆ, ತಣ್ಣನೆಯ ಎರಡು ಬೆರಳುಗಳು ಬಂದು ಕೂತವು. ಬೆರಳಿಗೆ ಅರಿಸಿನದ ವಾಸನೆ ಇತ್ತು. ನೋವಾಗಲಿಲ್ಲ. ಒಂದು ದೀಪ ಆರಿತು, ಅಷ್ಟೆ.

ಕರಿಯಮ್ಮ ಬಾಗಿಲು ತೆಗೆದಾಗ ಅವನು ಪರದೆಯ ಮೇಲೆ ಬಿದ್ದಿದ್ದ. ಫೋನು ಇನ್ನೂ ಹೊಡೆದುಕೊಳ್ಳುತ್ತಿತ್ತು. ಮುದುಕಿಯೇ ಎತ್ತಿ ಅವನ ಕಿವಿಗೆ ಹಿಡಿದಳು. “ಎದ್ದು ಕೂತ್ರು ಕಣ್ರೀ,” ಎಂದು ಭವ್ಯ ಅಳುತ್ತ ನಗುತ್ತಿದ್ದಳು. “ಇಬ್ರೂ ಎದ್ದು ಕೂತವ್ರೆ. ದೋಸೆ ಬೇಕಂತೆ.”

ಮೈಸೂರಿನ ಕಣ್ಣಿನ ಡಾಕ್ಟರು ನಾಲ್ಕು ಸಲ ಪರೀಕ್ಷೆ ಮಾಡಿದರು. ಕಣ್ಣು ಸರಿಯಾಗಿದೆ, ನರವೂ ಸರಿಯಾಗಿದೆ, ಯಾಕೆ ಕಾಣುವುದಿಲ್ಲವೋ ತಿಳಿಯದು ಎಂದರು. ಶಿವಮಲ್ಲು ದಿಲೀಪರಿಗೆ ಎರಡೂ ಗಾಡಿ ಬೇಡ ಎಂದು ಹೇಳಿಬಿಟ್ಟ. ಕಾರಣ ಹೇಳಲಿಲ್ಲ. ಕಾರು ನೋಡುವ ಕೆಲಸವನ್ನೂ ಅಂದಿಗೇ ಬಿಟ್ಟ. ಹೋದದ್ದು ಒಂದು ಕಣ್ಣು, ಉಳಿದದ್ದು ಎರಡು ಜೀವ, ಸಲೀಸಾಯಿತು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹತ್ತು ದಿನ ಹಾಗೇ ಹೇಳಿಕೊಂಡ.

ಹನ್ನೊಂದನೆಯ ದಿನ ಬಸವಪ್ರಸಾದ್ ಫೋನ್ ಮಾಡಿದರು. “ಕರಿಯಮ್ಮ ಪರದೆ ಹೊಸದು ಕಟ್ಟಿಸಿದಳು. ಅದಿರಲಿ, ಆ ನಾಲ್ಕು ಕಣ್ಣಿನ ಗಾಡಿಗೆ ಲೈಟು ನೀವು ಹಾಕಿಸಿದ್ರಾ? ನಾಲ್ಕೂ ಇವೆಯಂತಲ್ಲ ಈಗ? ಎಡಗಡೇದು ಮಾತ್ರ ಯಾವಾಗಲೂ ಒದ್ದೆಯಾಗಿರ್ತದೆ ಅಂತಾಳೆ ಮುದುಕಿ.”

ಲೈಟು ಎಲ್ಲಿಂದ ಬಂತೆಂದು ಶಿವಮಲ್ಲು ಕೇಳಲಿಲ್ಲ. ಅವನಿಗೆ ಗೊತ್ತಿತ್ತು. ರೆಪ್ಪೆ ಮುಚ್ಚಿದರೆ ಬಲಗಣ್ಣಿಗೆ ಕತ್ತಲಾಗುತ್ತಿತ್ತು. ಎಡಗಣ್ಣಿಗೆ ಆಗುತ್ತಿರಲಿಲ್ಲ. ಅದಕ್ಕೆ ಹೊಸ ಬಿಳಿಯ ಪರದೆ ಕಾಣಿಸುತ್ತಿತ್ತು, ತೊಲೆಯಿಂದ ನೆಲದವರೆಗೆ. ಗೋದಾಮಿನ ಧೂಳು ಕಾಣಿಸುತ್ತಿತ್ತು. ಪರದೆಯ ಮುಂದೆ ಅತ್ತಿಂದಿತ್ತ ಓಡಾಡುವ ಸೆರಗೂ ಕಾಣಿಸುತ್ತಿತ್ತು. ಅಂದಿನಿಂದ ಅವನು ಸರಿಯಾಗಿ ಮಲಗಿದ್ದೇ ಇಲ್ಲ.

ಯುಗಾದಿಯ ಬೆಳಿಗ್ಗೆ.

ಎಣ್ಣೆನೀರು ಮುಗಿಸಿ ಇಬ್ಬರು ಹುಡುಗಿಯರೂ ಹೊಸ ಲಂಗ ತೊಟ್ಟು ಅವನ ಮುಂದೆ ಬಂದು ನಿಂತರು. ಪ್ರಿಯಾಂಕಳದ್ದು ಹಸಿರು, ಮಧುಶ್ರೀಯದ್ದು ಕೆಂಪು. ಇಬ್ಬರ ಕೂದಲೂ ಇನ್ನೂ ಒದ್ದೆ. ಇಬ್ಬರ ಜಡೆಯಲ್ಲೂ ಮಲ್ಲಿಗೆ. ಆ ವಾಸನೆಗೆ ಅವನು ಒಂದು ಹೆಜ್ಜೆ ಹಿಂದೆ ಸರಿದ.

“ಅಪ್ಪಾ, ಇಬ್ಬರದ್ರಲ್ಲಿ ಯಾವುದು ಚೆನ್ನಾಗಿದೆ?” ಎಂದಳು ಪ್ರಿಯಾಂಕ.

ನೋಡಿದರೆ ಮನಸ್ಸು ತೂಗುತ್ತದೆ, ಯಾರ ಕಡೆಗೆ ವಾಲುತ್ತದೆಂಬುದೂ ಅವನಿಗೆ ಗೊತ್ತು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡ. ಮಕ್ಕಳು ಮಾಯವಾದರು. ಬಿಳಿಯ ಪರದೆ ಬಂತು. ಪರದೆಯ ಮುಂದೆ ಓಡಾಡುತ್ತಿದ್ದವಳು ನಿಂತಳು. ಮೊದಲ ಸಲ ಇತ್ತ ತಿರುಗಿ, ಕಿವಿಗೊಟ್ಟು ನಿಂತಳು.

“ಹೇಳಪ್ಪಾ, ಯಾವುದು?”

ಅವನು ಹಲ್ಲು ಕಚ್ಚಿದ.

“ಹೋಗ್ಲಿ ಬುಡಕ್ಕ, ಅಪ್ಪ ಹೇಳಲ್ಲ. ನಾನೇ ಹೇಳ್ತೀನಿ,” ಎಂದಿತು ಮಧುಶ್ರೀಯ ದನಿ, ನಗುತ್ತ. “ನಮ್ಮಿಬ್ಬರದ್ರಲ್ಲಿ...”

ಗೋದಾಮಿನಲ್ಲಿ ಆ ಹೆಂಗಸಿನ ಕೈ ಪರದೆಯ ಅಂಚನ್ನು ಹಿಡಿಯಿತು.

ಶಿವಮಲ್ಲು ಕಣ್ಣಿನಿಂದ ಕೈ ತೆಗೆದು ಹಾರಿಬಿದ್ದು ಮಗಳ ಬಾಯಿಯನ್ನು ಅಂಗೈಯಿಂದ ಅದುಮಿ ಹಿಡಿದ. ಪಾಯಸದ ತಟ್ಟೆ ಉರುಳಿತು. ಪ್ರಿಯಾಂಕ ಅಮ್ಮಾ ಎಂದು ಚೀರಿ ಅಡುಗೆಮನೆಗೆ ಓಡಿದಳು. ಅವನು ಬಿಡಲಿಲ್ಲ. ಬೇಡ ಕೂಸೇ, ಹೇಳಬೇಡ ಕೂಸೇ ಎನ್ನುತ್ತ ಇನ್ನೂ ಬಿಗಿಯಾಗಿ ಹಿಡಿದ. ಅಂಗೈಯ ಕೆಳಗೆ ಮಗುವಿನ ಬಿಸಿ ಉಸಿರು ಹೊಡೆದುಕೊಳ್ಳುತ್ತಿತ್ತು. ಅದರ ಮೇಲೆ ಎರಡು ಪುಟ್ಟ ಕಣ್ಣುಗಳು, ನೀರು ತುಂಬಿಕೊಂಡು, ಜೀವಮಾನದಲ್ಲಿ ಮೊದಲ ಸಲ ಅಪ್ಪನಿಗೆ ಹೆದರಿ ಅವನನ್ನೇ ನೋಡುತ್ತಿದ್ದವು.